ಪೈಲಟ್ ಅನ್ನಬೇಕೋ, ಫೀಸಿಬಿಲಿಟಿ ಅನ್ನಬೇಕೋ?

ಓದುಗರ ಪ್ರಶ್ನೆ: ನಾನು ಸಿವಿಲ್ ವಿಭಾಗದಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ. ಊರು ಪಾವಗಡದ ಹತ್ತಿರ. ಬೋರ್‌ವೆಲ್ ನೀರಿನಿಂದ ಫ್ಲೋರೈಡ್ ತೆಗೆಯುವ ಕಡಿಮೆ ಖರ್ಚಿನ ಫಿಲ್ಟರ್ ನನ್ನ ಪ್ರಾಜೆಕ್ಟ್. ಒಳಗೆ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವ ಅಲ್ಯುಮಿನಾ ಇದೆ. ಲ್ಯಾಬ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿತು. ಈಗ ಹತ್ತು ಮನೆಗಳಲ್ಲಿ ಇಟ್ಟು ನೋಡುತ್ತಿದ್ದೇನೆ. ವರದಿಯ ಶೀರ್ಷಿಕೆಯಲ್ಲಿ 'ಎ ಪೈಲಟ್ ಸ್ಟಡಿ' ಅಂತ ಹಾಕಿದ್ದೆ. ಗೈಡ್ ಅದನ್ನು ಹೊಡೆದುಹಾಕಿ, 'ಪೈಲಟ್ಟಾ? ಫೀಸಿಬಿಲಿಟಿಯಾ? ಎಕ್ಸ್‌ಪ್ಲೊರೇಟರಿಯಾ?' ಅಂತ ಬರೆದು ವಾಪಸ್ ಕೊಟ್ಟರು. ಇವೆಲ್ಲ ಒಂದೇ ಅಲ್ವಾ? ಪ್ರೂಫ್ ಆಫ್ ಕಾನ್ಸೆಪ್ಟ್, ಪ್ರೊಟೊಟೈಪ್, ಪ್ರಿಲಿಮಿನರಿ, ಟೆಂಟೆಟಿವ್ ಇವನ್ನು ಯಾವಾಗ ಬಳಸಬೇಕು? ಇನ್ವೆಸ್ಟಿಗೇಟ್, ಎಕ್ಸ್‌ಪ್ಲೋರ್, ಪ್ರೋಬ್ ಇವುಗಳಲ್ಲೂ ಗೊಂದಲ ಇದೆ.

ಉತ್ತರ: ಒಂದೇ ಅಲ್ಲ. ನಿಮ್ಮ ಗೈಡ್ ಸರಿಯಾದ ಜಾಗದಲ್ಲೇ ಪೆನ್ನು ಇಟ್ಟಿದ್ದಾರೆ.

ನಮ್ಮಲ್ಲಿ ಈ ಪದಗಳನ್ನು ವಿನಯಕ್ಕೆ ಬಳಸುವ ರೂಢಿ ಇದೆ. ಕೆಲಸ ಚಿಕ್ಕದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ ಅನ್ನುವ ಹಾಗೆ 'ಪೈಲಟ್' ಅಂತಲೋ 'ಪ್ರಿಲಿಮಿನರಿ' ಅಂತಲೋ ಸೇರಿಸಿಬಿಡುತ್ತೇವೆ. ವರದಿಯನ್ನು ತೂಗಿ ನೋಡುವವರು ಹಾಗೆ ಓದುವುದಿಲ್ಲ. ಈ ಕೆಲಸ ಯಾವ ಪ್ರಶ್ನೆ ಕೇಳಿತು, ಮುಂದೆ ಏನು ಬರಬೇಕು ಅನ್ನುವುದನ್ನು ಅವರು ಆ ಒಂದು ಪದದಲ್ಲಿ ಹುಡುಕುತ್ತಾರೆ. ಆದ್ದರಿಂದ ಕೆಲಸ ಎಷ್ಟು ಚಿಕ್ಕದು ಅಂತ ಯೋಚಿಸಬೇಡಿ. ಹತ್ತು ಮನೆಗಳಲ್ಲಿ ಫಿಲ್ಟರ್ ಇಟ್ಟಿದ್ದು ಏನನ್ನು ತಿಳಿಯುವುದಕ್ಕೆ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ಪದ ತಾನಾಗಿ ಸಿಗುತ್ತದೆ.

ಮೊದಲು ಪೈಲಟ್. ಪೈಲಟ್ ಅಂದರೆ ಮುಂದೆ ನಡೆಯಬೇಕಾದ ದೊಡ್ಡ ಅಧ್ಯಯನವನ್ನೇ, ಅಥವಾ ಅದರ ಒಂದು ಭಾಗವನ್ನು, ಚಿಕ್ಕದಾಗಿ ಮಾಡಿ ನೋಡುವುದು. ನಾಟಕದವರ ರಿಹರ್ಸಲ್ ಇದ್ದ ಹಾಗೆ. ನಾಟಕವೇ ಇಲ್ಲದಿದ್ದರೆ ರಿಹರ್ಸಲ್ ಯಾವುದಕ್ಕೆ? ನೀವು ಮುಂದೆ ಇನ್ನೂರು ಮನೆಗಳಲ್ಲಿ ಇದೇ ಫಿಲ್ಟರ್, ಇದೇ ಅಳತೆ, ಇದೇ ಪ್ರಶ್ನಾವಳಿ ಇಟ್ಟುಕೊಂಡು ಅಧ್ಯಯನ ಮಾಡುವವರಿದ್ದರೆ ಈ ಹತ್ತು ಮನೆ ಪೈಲಟ್. ಅಂಥ ಯೋಜನೆ ಇಲ್ಲವೆಂದರೆ ಅದು ಬರೀ ಚಿಕ್ಕ ಅಧ್ಯಯನ. ಚಿಕ್ಕದು ಅಂತಲೇ ಹೇಳಿ, ನಾಚಿಕೆ ಏನೂ ಇಲ್ಲ.

ಫೀಸಿಬಿಲಿಟಿ ಇನ್ನೂ ಅಗಲವಾದ ಮಾತು. ಇದನ್ನು ಮಾಡಲು ಆಗುತ್ತದಾ ಅನ್ನುವುದೊಂದೇ ಅದರ ಪ್ರಶ್ನೆ. ಮನೆಯವರು ದಿನಾ ಆ ಫಿಲ್ಟರಿಗೆ ನೀರು ಹಾಕುತ್ತಾರಾ? ಒಂದು ಬಿಂದಿಗೆ ತುಂಬಲು ಎಷ್ಟು ಹೊತ್ತು? ಒಳಗಿನ ಅಲ್ಯುಮಿನಾ ಫ್ಲೋರೈಡ್ ಹಿಡಿದು ಹಿಡಿದು ಸಾಕಾದ ಮೇಲೆ ಅದನ್ನು ಯಾರು ತೊಳೆದು ಮತ್ತೆ ಬಳಕೆಗೆ ತರುತ್ತಾರೆ? ಇಂಥ ಪ್ರಶ್ನೆಗಳಿಗೆ ರಿಹರ್ಸಲ್ ಬೇಕೇ ಬೇಕು ಅಂತಿಲ್ಲ. ಮನೆ ಮನೆಗೆ ಹೋಗಿ ಮಾತಾಡಿಸಿದರೂ ಉತ್ತರ ಸಿಗಬಹುದು.

ವೈದ್ಯಕೀಯ ಸಂಶೋಧನೆಯಲ್ಲಿ ಈ ಎರಡು ಪದಗಳನ್ನು ಜನ ಮನಸ್ಸಿಗೆ ಬಂದ ಹಾಗೆ ಬಳಸುತ್ತಿದ್ದರು. ಅಲ್ಲಿ ಪ್ರಯೋಗಗಳ ವರದಿ ಹೇಗಿರಬೇಕು ಅಂತ ಹೇಳುವ ಕನ್ಸಾರ್ಟ್ ಎಂಬ ನಿಯಮಾವಳಿ ಇದೆ. 2016ರಲ್ಲಿ ಪೈಲಟ್ ಮತ್ತು ಫೀಸಿಬಿಲಿಟಿ ಪ್ರಯೋಗಗಳಿಗೆಂದೇ ಅದರ ವಿಸ್ತರಣೆಯೊಂದು ಬಂತು. ಅದನ್ನು ರೂಪಿಸಿದವರ ಪ್ರಕಾರ ಫೀಸಿಬಿಲಿಟಿ ಅನ್ನುವುದು ದೊಡ್ಡ ಕೊಡೆ, ಪೈಲಟ್ ಅದರ ಕೆಳಗೆ ಬರುವ ಒಂದು ಬಗೆ. ಪೈಲಟ್ ಎಲ್ಲವೂ ಫೀಸಿಬಿಲಿಟಿಯೇ, ಫೀಸಿಬಿಲಿಟಿ ಎಲ್ಲವೂ ಪೈಲಟ್ ಅಲ್ಲ. ಅದರಲ್ಲೇ ಇನ್ನೊಂದು ಮುಖ್ಯ ಮಾತಿದೆ. ಪೈಲಟ್ ಅಧ್ಯಯನದ ಗುರಿ ಚಿಕಿತ್ಸೆ ಫಲ ಕೊಟ್ಟಿತೇ ಅಂತ ತೀರ್ಮಾನಿಸುವುದಲ್ಲ. ಅಷ್ಟು ಕಡಿಮೆ ಜನರಲ್ಲಿ ಆ ತೀರ್ಮಾನ ನಿಲ್ಲುವುದಿಲ್ಲ. ಹೆಸರಿಗೆ ಪೈಲಟ್ ಅಂತ ಬರೆದು, ಕೊನೆಯ ಪುಟದಲ್ಲಿ 'ನಮ್ಮ ವಿಧಾನ ಪರಿಣಾಮಕಾರಿ ಎಂದು ಸಾಬೀತಾಯಿತು' ಅನ್ನುವ ಪ್ರಬಂಧಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ನಿಮ್ಮ ವಿಷಯದಲ್ಲಿ ಇನ್ನೊಂದು ತೊಡಕಿದೆ. ನೀರು ಶುದ್ಧೀಕರಣದವರ ಬಾಯಲ್ಲಿ ಪೈಲಟ್ ಅಂದರೆ ಬೇರೆ. ಅವರು ಮೊದಲು ಮೇಜಿನ ಮೇಲೆ ಬೀಕರ್, ಕಾಲಮ್ ಇಟ್ಟು ನೋಡುತ್ತಾರೆ. ಅದು ಬೆಂಚ್ ಸ್ಕೇಲ್. ಆಮೇಲೆ ನಿಜವಾದ ಘಟಕದ ಚಿಕ್ಕ ರೂಪ ಕಟ್ಟಿ, ನಿಜವಾದ ನೀರನ್ನೇ ವಾರಗಟ್ಟಲೆ ಹರಿಸುತ್ತಾರೆ. ಅದು ಪೈಲಟ್ ಪ್ಲಾಂಟ್. ಕೊನೆಗೆ ಫುಲ್ ಸ್ಕೇಲ್. ನಿಮ್ಮ ಪರೀಕ್ಷಕರಲ್ಲಿ ಒಬ್ಬರು ಈ ಕಡೆಯವರಾಗಿದ್ದರೆ ಶೀರ್ಷಿಕೆ ನೋಡಿ, 'ಪ್ಲಾಂಟ್ ಎಲ್ಲಮ್ಮಾ?' ಅಂತ ಕೇಳುತ್ತಾರೆ.

ಸರ್ಕಾರ ಮತ್ತು ಬ್ಯಾಂಕಿನವರ ಪೈಲಟ್ ಮೂರನೇ ತರಹದ್ದು. ಒಂದು ಕಡೆ ಶುರು ಮಾಡಿ, ನೋಡಿಕೊಂಡು ವಿಸ್ತರಿಸುವುದು. ರಿಸರ್ವ್ ಬ್ಯಾಂಕ್ ಡಿಜಿಟಲ್ ರೂಪಾಯಿ ತಂದಾಗ 2022ರ ಅಕ್ಟೋಬರಿನಲ್ಲಿ ಮೊದಲು ಒಂದು ಕಾನ್ಸೆಪ್ಟ್ ನೋಟ್ ಹೊರಡಿಸಿತು. ಸಾಮಾನ್ಯ ಜನರ ಬಳಕೆಯ ಪೈಲಟ್ ಡಿಸೆಂಬರ್ 1ರಂದು ಶುರುವಾಯಿತು. ಮೊದಲ ನಾಲ್ಕು ಊರುಗಳಲ್ಲಿ ಬೆಂಗಳೂರೂ ಇತ್ತು. ನೋಟ್ ಅಂದಾಗ ಅದು ಕಾಗದದ ಮೇಲಿನ ವಿಚಾರ, ಪೈಲಟ್ ಅಂದಾಗ ನಿಜವಾದ ಜನ, ನಿಜವಾದ ದುಡ್ಡು.

ಫೀಸಿಬಿಲಿಟಿ ಅನ್ನುವುದು ನಮಗೆ ಹೊಸ ಮಾತೇನೂ ಅಲ್ಲ. ಮೇಕೆದಾಟು ಸುದ್ದಿ ಓದಿದವರಿಗೆಲ್ಲ ಅದು ಗೊತ್ತು. ಕರ್ನಾಟಕ ಕೊಟ್ಟಿದ್ದ ಫೀಸಿಬಿಲಿಟಿ ವರದಿ ನೋಡಿ, 2018ರ ನವೆಂಬರಿನಲ್ಲಿ ಕೇಂದ್ರ ಜಲ ಆಯೋಗ ಡಿಪಿಆರ್ ತಯಾರಿಸಿ ಅಂದಿತು. ಅಂದರೆ ವಿವರವಾದ ಯೋಜನಾ ವರದಿ ಬರೆಯಲು ಒಪ್ಪಿಗೆ. ಅಣೆಕಟ್ಟು ಕಟ್ಟಲು ಒಪ್ಪಿಗೆ ಅಲ್ಲ. 2019ರ ಜನವರಿಯಲ್ಲಿ ರಾಜ್ಯ ಆ ಡಿಪಿಆರ್ ಸಲ್ಲಿಸಿತು. ಆಗಬಹುದು ಅನ್ನುವುದಕ್ಕೂ ಮಾಡಿ ಅನ್ನುವುದಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಆ ಒಂದು ಕಡತ ನೋಡಿದರೆ ಸಾಕು.

ಎಕ್ಸ್‌ಪ್ಲೊರೇಟರಿ ಪದವನ್ನು ಬೇಗ ಮುಗಿಸುತ್ತೇನೆ. ಏನು ಸಿಗುತ್ತದೆ ಅಂತ ಮೊದಲೇ ಊಹೆ ಕಟ್ಟಿಕೊಳ್ಳದೆ ಹುಡುಕಿದರೆ ಅದು ಎಕ್ಸ್‌ಪ್ಲೊರೇಟರಿ. ಊಹೆಯನ್ನು ಮೊದಲೇ ಬರೆದಿಟ್ಟು, ನಿಜವೋ ಸುಳ್ಳೋ ಅಂತ ಪರೀಕ್ಷಿಸಿದರೆ ಕನ್ಫರ್ಮೇಟರಿ. ಜಾನ್ ಟ್ಯೂಕಿ ಎಂಬ ಅಮೆರಿಕದ ಸಂಖ್ಯಾಶಾಸ್ತ್ರಜ್ಞ 1977ರಲ್ಲಿ ಮೊದಲನೆಯ ಬಗೆಯ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದರು. ಅದನ್ನು ಪತ್ತೇದಾರಿ ಕೆಲಸಕ್ಕೆ ಹೋಲಿಸಿದರು. ನೀವು ಮನೆಗಳಿಗೆ ಹೋಗುವ ಮೊದಲೇ 'ನೀರಿನ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂಗಿಂತ ಕೆಳಗೆ ಬರುತ್ತದೆ' ಅಂತ ಊಹೆ ಇಟ್ಟುಕೊಂಡಿದ್ದೀರಿ ಅಲ್ವಾ? ಅಲ್ಲಿಗೆ ಅದು ಎಕ್ಸ್‌ಪ್ಲೊರೇಟರಿ ಅಲ್ಲ. ಫಲಿತಾಂಶ ನೋಡಿದ ಮೇಲೆ ಹೊಸದಾಗಿ ಹೊಳೆದದ್ದು ಏನಾದರೂ ಇದ್ದರೆ, ಉದಾಹರಣೆಗೆ ಬೇಸಿಗೆಯಲ್ಲಿ ಫಿಲ್ಟರ್ ಬೇಗ ಸೋತಿತು ಅಂತ ಕಂಡರೆ, ಆ ಒಂದು ಭಾಗಕ್ಕೆ ಮಾತ್ರ 'ಎಕ್ಸ್‌ಪ್ಲೊರೇಟರಿ ಅನಾಲಿಸಿಸ್' ಅಂತ ಹಾಕಿ. ನಂತರ ಹೊಳೆದದ್ದನ್ನು ಮೊದಲೇ ಗೊತ್ತಿತ್ತು ಅನ್ನುವ ಹಾಗೆ ಬರೆಯುವುದು ದೊಡ್ಡ ತಪ್ಪು.

ಪ್ರೂಫ್ ಆಫ್ ಕಾನ್ಸೆಪ್ಟ್ ಮತ್ತು ಪ್ರೊಟೊಟೈಪ್ ನಡುವೆ ಏನು ವ್ಯತ್ಯಾಸ ಅನ್ನುವುದು ಕನ್ನಡಿಗರಿಗೆ ತಿಳಿಯದೇ ಇರುವ ವಿಷಯ ಅಲ್ಲ, ಯಾಕೆಂದರೆ ಅದು ಬೆಂಗಳೂರಿನ ಆಕಾಶದಲ್ಲೇ ನಡೆದಿದೆ. ತೇಜಸ್ ವಿಮಾನದ ಕಥೆ ನೋಡಿ. 2001ರ ಜನವರಿ 4ರಂದು ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಮೊದಲು ಹಾರಿದ ವಿಮಾನದ ಹೆಸರು ಟಿಡಿ-1. ಟೆಕ್ನಾಲಜಿ ಡೆಮಾನ್‌ಸ್ಟ್ರೇಟರ್. ಕಂಪ್ಯೂಟರಿನ ಮೂಲಕ ನಡೆಸುವ ಫ್ಲೈ ಬೈ ವೈರ್, ಕಾಂಪೊಸಿಟ್ ರೆಕ್ಕೆ, ಇಂಥವು ನಮ್ಮ ಕೈಯಲ್ಲಿ ಆಗುತ್ತವೆ ಅಂತ ತೋರಿಸುವುದು ಅದರ ಕೆಲಸ. ಯುದ್ಧಕ್ಕೆ ಹೋಗುವುದು ಅದರ ಕೆಲಸ ಆಗಿರಲಿಲ್ಲ. ಪ್ರೂಫ್ ಆಫ್ ಕಾನ್ಸೆಪ್ಟ್‌ನ ಕೆಲಸವೂ ಇದೇ, ವಿಚಾರ ಆಗುತ್ತದೆ ಅಂತ ತೋರಿಸುವುದು. 2003ರ ನವೆಂಬರಿನಲ್ಲಿ ಹಾರಿದ್ದು ಪಿವಿ-1, ಅಂದರೆ ಪ್ರೊಟೊಟೈಪ್ ವೆಹಿಕಲ್. ಇದು ಮುಂದೆ ತಯಾರಾಗಬೇಕಾದ ವಿಮಾನದ ಮಾದರಿ. 2007ರಲ್ಲಿ ಎಲ್‌ಎಸ್‌ಪಿ-1 ಬಂತು. ಲಿಮಿಟೆಡ್ ಸೀರೀಸ್ ಪ್ರೊಡಕ್ಷನ್, ಅಂದರೆ ಕಾರ್ಖಾನೆಯಲ್ಲಿ ಒಂದಾದ ಮೇಲೊಂದು ಮಾಡಬಹುದೇ ಅನ್ನುವ ಪ್ರಶ್ನೆ. ಆಮೇಲೆ ಇನಿಶಿಯಲ್ ಆಪರೇಷನಲ್ ಕ್ಲಿಯರೆನ್ಸ್, ಅಂದರೆ ಬಳಕೆಗೆ ಮೊದಲ ಹಂತದ ಒಪ್ಪಿಗೆ. ಕೊನೆಗೆ 2019ರ ಫೆಬ್ರವರಿಯಲ್ಲಿ ಫೈನಲ್. ಪ್ರತಿ ಹೆಸರಿನ ಹಿಂದೆ ಒಂದು ಪ್ರಶ್ನೆ ಇದೆ. ಇದು ಹಾರುತ್ತದಾ? ಈ ಆಕಾರ ಸರಿ ಇದೆಯಾ? ಮತ್ತೆ ಮತ್ತೆ ಮಾಡಬಹುದಾ? ಪೈಲಟ್‌ಗಳ ಕೈಗೆ ಕೊಡಬಹುದಾ? (ಇಲ್ಲಿ ಪೈಲಟ್ ಅಂದರೆ ನಿಜವಾದ ಪೈಲಟ್.)

ಇಸ್ರೊದವರೂ ಹೆಸರಿನಲ್ಲೇ ಇದನ್ನು ಇಟ್ಟುಬಿಡುತ್ತಾರೆ. 1979ರ ಆಗಸ್ಟ್‌ನಲ್ಲಿ ಹಾರಿ ಗುರಿ ಮುಟ್ಟದ ಎಸ್‌ಎಲ್‌ವಿ-3 ರಾಕೆಟ್ಟಿನ ಹಿಂದೆ ಇ1 ಅಂತ ಇತ್ತು, ಎಕ್ಸ್‌ಪೆರಿಮೆಂಟಲ್. ಮುಂದಿನ ವರ್ಷ ಗೆದ್ದದ್ದು ಇ2. ಪಿಎಸ್‌ಎಲ್‌ವಿ ಡಿ1 ಅಂತ ಶುರುವಾಯಿತು, ಡೆವಲಪ್‌ಮೆಂಟಲ್. 1993ರ ಆ ಡಿ1 ಬಿದ್ದಿತು. 1994ರಲ್ಲಿ ಡಿ2 ಗೆದ್ದಿತು, 1996ರಲ್ಲಿ ಡಿ3. ಆಮೇಲೆ 1997ರಿಂದ ಡಿ ಹೋಗಿ ಸಿ ಬಂತು, ಅಂದರೆ ಅಭಿವೃದ್ಧಿ ಮುಗಿದು ನಿಜವಾದ ಬಳಕೆ ಶುರು. ಡಿ ಅಂತ ಬರೆದುಕೊಂಡಿದ್ದರೆ ಸೋಲು ಕೂಡ ಆ ಕೆಲಸದ ಲೆಕ್ಕದಲ್ಲೇ ಸೇರುತ್ತದೆ. ಚಿಕ್ಕ ರಾಕೆಟ್ ಎಸ್‌ಎಸ್‌ಎಲ್‌ವಿ 2022ರಲ್ಲಿ ಡಿ1 ಆಗಿ ಸೋತು, 2023ರಲ್ಲಿ ಡಿ2 ಆಗಿ ಗೆದ್ದು, 2024ರ ಆಗಸ್ಟ್‌ನಲ್ಲಿ ಡಿ3 ಹಾರಿಸಿದ ಮೇಲೆಯೇ ಅಭಿವೃದ್ಧಿ ಹಂತ ಮುಗಿಯಿತು ಅಂದರು. ನಮ್ಮ ಚಳ್ಳಕೆರೆಯಲ್ಲಿ 2023ರ ಏಪ್ರಿಲ್‌ನಲ್ಲಿ ಹೆಲಿಕಾಪ್ಟರಿನಿಂದ ಬಿಟ್ಟು ರನ್‌ವೇ ಮೇಲೆ ತಾನಾಗಿ ಇಳಿಸಿದ ರೆಕ್ಕೆಯ ವಾಹನವೂ ಟಿಡಿಯೇ, ಡೆಮಾನ್‌ಸ್ಟ್ರೇಟರ್. ಅದರ ಹೆಸರಿನಲ್ಲಿ ಪ್ರೊಟೊಟೈಪ್ ಅನ್ನುವ ಪದ ಇಲ್ಲ.

ಈ ಮೆಟ್ಟಿಲುಗಳಿಗೆಲ್ಲ ಅಂಕಿ ಕೊಟ್ಟವರು ನಾಸಾದವರು. 1970ರ ದಶಕದಲ್ಲಿ ಶುರುವಾದ ಟೆಕ್ನಾಲಜಿ ರೆಡಿನೆಸ್ ಲೆವೆಲ್ ಎಂಬ ಏಣಿಗೆ ಈಗ 9 ಮೆಟ್ಟಿಲು. 3ನೆಯದು ಪ್ರೂಫ್ ಆಫ್ ಕಾನ್ಸೆಪ್ಟ್. 4ನೆಯದು ಲ್ಯಾಬ್‌ನಲ್ಲಿ ಕೆಲಸ ಮಾಡುವುದು. 5 ಮತ್ತು 6 ನಿಜವಾದ ಪರಿಸರಕ್ಕೆ ಹತ್ತಿರವಾದ ಕಡೆ ಕೆಲಸ ಮಾಡುವುದು. 9 ಅಂದರೆ ನಿಜವಾದ ಬಳಕೆಯಲ್ಲಿ ಗೆದ್ದದ್ದು. ಅನುದಾನ ಕೊಡುವ ಸಂಸ್ಥೆಗಳು ಈಗ 'ನಿಮ್ಮ ಟಿಆರ್‌ಎಲ್ ಎಷ್ಟು?' ಅಂತ ಕೇಳುತ್ತವೆ. ನಮ್ಮ ರಾಜ್ಯದ ಸ್ಟಾರ್ಟಪ್ ಅನುದಾನದ ಹೆಸರೇ 'ಐಡಿಯಾ ಟು ಪಿಒಸಿ' (ಪಿಒಸಿ ಅಂದರೆ ಪ್ರೂಫ್ ಆಫ್ ಕಾನ್ಸೆಪ್ಟ್), 50 ಲಕ್ಷ ರೂಪಾಯಿವರೆಗೆ. ಯೋಚನೆಯಿಂದ 3ನೆಯ ಮೆಟ್ಟಿಲಿನವರೆಗೆ ಕೈ ಹಿಡಿಯುತ್ತೇವೆ ಅಂತ ಹೆಸರೇ ಹೇಳುತ್ತದೆ.

ಈಗ ನಿಮ್ಮ ಲ್ಯಾಬ್ ಕೆಲಸಕ್ಕೆ ಬರೋಣ. ಅಲ್ಲಿ ಯಾವ ನೀರು ಬಳಸಿದಿರಿ? ಡಿಸ್ಟಿಲ್ಡ್ ನೀರಿಗೆ ಸೋಡಿಯಂ ಫ್ಲೋರೈಡ್ ಕಲಸಿ ನೋಡಿದ್ದರೆ ಅದು ಪ್ರೂಫ್ ಆಫ್ ಕಾನ್ಸೆಪ್ಟ್, ಅದಕ್ಕಿಂತ ಒಂದು ಕೂದಲೂ ಜಾಸ್ತಿ ಇಲ್ಲ. ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಇರುತ್ತದೆ, ಪಿಎಚ್ ಬೇರೆ ಇರುತ್ತದೆ. ಅಲ್ಯುಮಿನಾದ ಮೇಲಿನ ಜಾಗಕ್ಕೆ ಅವೂ ಪೈಪೋಟಿಗೆ ಬರುತ್ತವೆ. ಪಾವಗಡದ ನೀರನ್ನೇ ತಂದು ಹರಿಸಿದ್ದರೆ ಒಂದು ಮೆಟ್ಟಿಲು ಮೇಲೆ. ಮನೆಯಲ್ಲಿ ಇಟ್ಟ, ನಲ್ಲಿ ಮುಚ್ಚಳ ಎಲ್ಲ ಇರುವ ಫಿಲ್ಟರ್ ಪ್ರೊಟೊಟೈಪ್.

ಎಕ್ಸ್‌ಪೆರಿಮೆಂಟಲ್ ಪದಕ್ಕೆ ಎರಡು ಮುಖ. ಮಾತಿನಲ್ಲಿ ಅದು 'ಇನ್ನೂ ಖಾತ್ರಿ ಇಲ್ಲದ್ದು'. ಸಂಶೋಧನೆಯಲ್ಲಿ ಅದು 'ನಾವೇ ಒಂದನ್ನು ಬದಲಿಸಿ, ಪರಿಣಾಮ ಅಳೆದದ್ದು'. ಬರೀ ನೋಡಿ ಬರೆದುಕೊಂಡರೆ ಅಬ್ಸರ್ವೇಷನಲ್. ನೀವು ಫಿಲ್ಟರ್ ಇಟ್ಟು ಮೊದಲು-ಆಮೇಲೆ ಅಳೆದಿದ್ದೀರಿ, ಆದ್ದರಿಂದ ಎರಡನೇ ಅರ್ಥದಲ್ಲಿ ಅದು ಎಕ್ಸ್‌ಪೆರಿಮೆಂಟಲ್. ಟ್ರಯಲ್ ಅನ್ನುವಾಗ ಮಾತ್ರ ಜೋಪಾನ. ಬಟ್ಟೆ ಅಂಗಡಿಯಿಂದ ಹಿಡಿದು ಎಲ್ಲ ಕಡೆ ನಾವು 'ಟ್ರಯಲ್ ನೋಡೋಣ' ಅನ್ನುತ್ತೇವೆ. ವೈದ್ಯಕೀಯದಲ್ಲಿ ಆ ಪದದ ಹಿಂದೆ ನಿಯಮಗಳ ಸಾಲೇ ಬರುತ್ತದೆ. ಭಾರತದಲ್ಲಿ 2009ರ ಜೂನ್ 15ರಿಂದ ಕ್ಲಿನಿಕಲ್ ಟ್ರಯಲ್‌ಗಳನ್ನು ಸಿಟಿಆರ್‌ಐ ಎಂಬ ದಾಖಲೆಯಲ್ಲಿ ಮೊದಲೇ ನೋಂದಾಯಿಸುವುದು ಕಡ್ಡಾಯ. ನೀವು ನೀರನ್ನು ಮಾತ್ರ ಅಳೆದರೆ 'ಫೀಲ್ಡ್ ಟೆಸ್ಟ್' ಅನ್ನಿ, ಸಾಕು. ಮನೆಯವರ ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆ ಅಂತಲೂ ಅಳೆಯುವ ಯೋಚನೆ ಇದ್ದರೆ ಕಾಲೇಜಿನ ಎಥಿಕ್ಸ್ ಸಮಿತಿಗೆ ಈಗಲೇ ಅರ್ಜಿ ಹಾಕಿ, ಆಮೇಲೆ ಅಲ್ಲ.

ಪ್ರಿಲಿಮಿನರಿ, ಟೆಂಟೆಟಿವ್, ಪ್ರೊವಿಷನಲ್, ಇಂಟರಿಮ್. ನಾಲ್ಕನ್ನೂ ಕನ್ನಡದಲ್ಲಿ ನಾವು ಸುಮ್ನೆ 'ತಾತ್ಕಾಲಿಕ' ಅಂದುಬಿಡುತ್ತೇವೆ. ಪ್ರೊವಿಷನಲ್ ನಿಮಗೆ ಗೊತ್ತು, ವಿಶ್ವವಿದ್ಯಾಲಯ ಕೊಡುವ ಪಿಡಿಸಿ, ಪ್ರೊವಿಷನಲ್ ಡಿಗ್ರಿ ಸರ್ಟಿಫಿಕೇಟ್. ಅದು ಈಗ ಚಲಾವಣೆಯಲ್ಲಿದೆ, ಕೆಲಸಕ್ಕೆ ತೋರಿಸಬಹುದು, ಆದರೆ ಅದರ ಜಾಗಕ್ಕೆ ಇನ್ನೊಂದು ಬರಲಿದೆ. ಪ್ರೊವಿಷನಲ್ ಪೇಟೆಂಟ್ ಅರ್ಜಿಯೂ ಹಾಗೇ. 12 ತಿಂಗಳ ಒಳಗೆ ಪೂರ್ಣ ವಿವರಣೆ ಕೊಡದಿದ್ದರೆ ಅದು ಬಿದ್ದುಹೋಗುತ್ತದೆ. (ಫಿಲ್ಟರ್ ಹೊಸದಾಗಿದ್ದರೆ ವರದಿ ಹೊರಬರುವ ಮೊದಲೇ ಇದನ್ನು ಗೈಡ್ ಜೊತೆ ಮಾತಾಡಿ.) ಟೆಂಟೆಟಿವ್ ಅಂದರೆ ನಾನೇ ಇನ್ನೂ ಗಟ್ಟಿಯಾಗಿ ಹೇಳುತ್ತಿಲ್ಲ, ಬದಲಾಗಬಹುದು. ಪರೀಕ್ಷೆಯ ಟೆಂಟೆಟಿವ್ ವೇಳಾಪಟ್ಟಿ ನಂಬಿ ರೈಲು ಟಿಕೆಟ್ ಮಾಡಿಸುವವರು ಯಾರು? ಪ್ರಿಲಿಮಿನರಿ ಅಂದರೆ ಮುಖ್ಯವಾದದ್ದು ಹಿಂದೆಯೇ ಬರುತ್ತಿದೆ. ಕೆಇಎ ನಡೆಸುವ ಸಿಇಟಿ ಸೀಟು ಹಂಚಿಕೆಯಲ್ಲಿ ಮಾಕ್ ಅಲಾಟ್‌ಮೆಂಟ್ ಅಂತ ಇನ್ನೊಂದಿದೆ. ಅದರಲ್ಲಿ ಸಿಕ್ಕ ಸೀಟು ಸೀಟೇ ಅಲ್ಲ, ಆಯ್ಕೆಗಳನ್ನು ಅದಲು ಬದಲು ಮಾಡಿಕೊಳ್ಳಿ ಅನ್ನುವ ಸೂಚನೆ ಅಷ್ಟೇ.

ಇಂಟರಿಮ್ ಅಂದರೆ ನಡುವೆ ನಿಂತು ಎಣಿಸಿದ ಲೆಕ್ಕ. ಕೋವ್ಯಾಕ್ಸಿನ್ ಮೂರನೇ ಹಂತದ ಪ್ರಯೋಗದಲ್ಲಿ 25,800 ಜನ ಇದ್ದರು. 2021ರ ಮಾರ್ಚ್‌ನಲ್ಲಿ ಬಂದ ಇಂಟರಿಮ್ ಲೆಕ್ಕದಲ್ಲಿ 43 ಕೋವಿಡ್ ಪ್ರಕರಣಗಳ ಮೇಲೆ ಸುಮಾರು ಶೇ. 81 ಪರಿಣಾಮ ಅಂದರು. ಕೊನೆಯ ಲೆಕ್ಕ ಬಂದಾಗ ಪ್ರಕರಣ 130, ಪರಿಣಾಮ ಶೇ. 77.8. ಮೊದಲನೆಯದು ಸುಳ್ಳಾಗಿರಲಿಲ್ಲ, ಅರ್ಧ ದಾರಿಯ ಲೆಕ್ಕವಾಗಿತ್ತು. ಆರು ತಿಂಗಳ ಅಧ್ಯಯನದಲ್ಲಿ ಮೂರನೇ ತಿಂಗಳ ಅಂಕಿ ಕೊಡುತ್ತಿದ್ದರೆ ನೀವು ಬರೆಯಬೇಕಾದದ್ದು ಇಂಟರಿಮ್, ಪ್ರಿಲಿಮಿನರಿ ಅಲ್ಲ.

ಕೆಲಸದ ಹೆಸರಿನಂತೆ ಫಲಿತಾಂಶದ ಹೆಸರಿಗೂ ಇಂಗ್ಲಿಷಿನಲ್ಲಿ ಮೆಟ್ಟಿಲುಗಳಿವೆ. ಇದರಲ್ಲಿ ಕಣ ಭೌತವಿಜ್ಞಾನದವರು ಬಹಳ ಕಟ್ಟುನಿಟ್ಟು. 2011ರ ಡಿಸೆಂಬರಿನಲ್ಲಿ ಹಿಗ್ಸ್ ಕಣದ ಬಗ್ಗೆ ಸರ್ನ್ ಪ್ರಯೋಗಾಲಯದಲ್ಲಿ ಮಾತಾಡಿದಾಗ ಅದು ಬರೀ ಹಿಂಟ್, ಸುಳಿವು. ಫಲಿತಾಂಶ ಆಕಸ್ಮಿಕ ಅಲ್ಲ ಅನ್ನುವ ಖಾತ್ರಿಯನ್ನು ಅವರು ಸಿಗ್ಮಾ ಎಂಬ ಅಳತೆಯಲ್ಲಿ ಹೇಳುತ್ತಾರೆ. 3 ಸಿಗ್ಮಾ ದಾಟಿದರೆ ಎವಿಡೆನ್ಸ್. 5 ಸಿಗ್ಮಾ ಮುಟ್ಟಿದರೆ ಮಾತ್ರ ಅಬ್ಸರ್ವೇಷನ್, ಅಂದರೆ ಆಕಸ್ಮಿಕವಾಗಿ ಹಾಗೆ ಕಾಣುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ ಒಂದು. 2012ರ ಜುಲೈ 4ರಂದು 5 ಸಿಗ್ಮಾ ಬಂತು. ಆಗಲೂ ಪ್ರಬಂಧಗಳ ಶೀರ್ಷಿಕೆಯಲ್ಲಿ ಅವರು ಹೇಳಿದ್ದು ಹೊಸ ಕಣವೊಂದರ ಅಬ್ಸರ್ವೇಷನ್ ಅಂತ. ಹಿಗ್ಸ್ ಸಿಕ್ಕಿತು ಅಂತ ಅಲ್ಲ.

ನಮ್ಮ ಬೆಂಗಳೂರಿನದೂ ಒಂದು ಉದಾಹರಣೆ ಇದೆ. 2018ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಬಂದ ಒಂದು ಪ್ರೀಪ್ರಿಂಟ್ (ತಜ್ಞರ ಪರಿಶೀಲನೆಗೆ ಮುಂಚೆಯೇ ಹೊರಬಿಟ್ಟ ಪ್ರಬಂಧ) ಚಿನ್ನ ಬೆಳ್ಳಿಯ ಸೂಕ್ಷ್ಮ ಕಣಗಳಲ್ಲಿ, ಸಾಮಾನ್ಯ ತಾಪ ಒತ್ತಡದಲ್ಲಿ, ಸೂಪರ್‌ಕಂಡಕ್ಟಿವಿಟಿಯ, ಅಂದರೆ ಪ್ರತಿರೋಧವೇ ಇಲ್ಲದೆ ವಿದ್ಯುತ್ ಹರಿಯುವ ಗುಣದ, 'ಎವಿಡೆನ್ಸ್' ಇದೆ ಅಂದಿತು. ಅಂಕಿಗಳಲ್ಲಿನ ನಾಯ್ಸ್, ಅಂದರೆ ಅಳತೆಯಲ್ಲಿ ಆಕಸ್ಮಿಕವಾಗಿ ಬರುವ ಏರುಪೇರು, ಎರಡು ಕಡೆ ಒಂದೇ ತರಹ ಇದೆಯಲ್ಲ ಅಂತ ಅಮೆರಿಕದಿಂದ ಪ್ರಶ್ನೆ ಬಂತು. 2019ರಲ್ಲಿ ಇನ್ನಷ್ಟು ವಿವರದೊಂದಿಗೆ ಪರಿಷ್ಕರಿಸಿದ ಪ್ರತಿ ಬಂದಾಗ ಶೀರ್ಷಿಕೆಯಲ್ಲಿ ಎವಿಡೆನ್ಸ್ ಪದವೂ ಇರಲಿಲ್ಲ, ಸೂಪರ್‌ಕಂಡಕ್ಟಿವಿಟಿ ಪದವೂ ಇರಲಿಲ್ಲ. ಅಳೆದ ಎರಡು ಗುಣಗಳ ಹೆಸರು ಮಾತ್ರ ಇತ್ತು: ಡಯಾಮ್ಯಾಗ್ನೆಟಿಸಂ (ಕಾಂತಕ್ಷೇತ್ರವನ್ನು ದೂರ ತಳ್ಳುವ ಗುಣ), ಮತ್ತು ತೀರಾ ಕಡಿಮೆ ವಿದ್ಯುತ್ ಪ್ರತಿರೋಧ. ಅಳೆದದ್ದನ್ನು ಮಾತ್ರ ಹೇಳುವ ಆ ಎರಡನೇ ಶೀರ್ಷಿಕೆಯೇ ನನಗೆ ಇಷ್ಟ.

ಕ್ರಿಯಾಪದಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇನ್ವೆಸ್ಟಿಗೇಟ್ ಅಂದರೆ ಒಂದು ನಿರ್ದಿಷ್ಟ ಪ್ರಶ್ನೆ ಹಿಡಿದು ಕ್ರಮವಾಗಿ ಹುಡುಕುವುದು. ಎಕ್ಸ್‌ಪ್ಲೋರ್ ಅಂದರೆ ಗಡಿ ಗೊತ್ತಿಲ್ಲದೆ ಸುತ್ತುವುದು. ಅಸೆಸ್ ಅಂದರೆ ಅಳೆದು ಬೆಲೆ ಕಟ್ಟುವುದು, ನಿಮ್ಮ ಕೆಲಸಕ್ಕೆ ಇದೇ ಜಾಸ್ತಿ ಹೊಂದುತ್ತದೆ. 'ಲುಕ್ ಇನ್‌ಟು' ಪತ್ರಕ್ಕೆ ಸರಿ, ಪ್ರಬಂಧಕ್ಕೆ ಸಡಿಲ. ಪ್ರೋಬ್ ನಮ್ಮ ದೇಶದಲ್ಲಿ ಸಿಬಿಐ ಸುದ್ದಿಯ ತಲೆಬರಹದ ಪದವಾಗಿದೆ. 'ಎ ಪ್ರೋಬ್ ಇನ್‌ಟು ಫ್ಲೋರೈಡ್' ಅಂದರೆ ಓದುವವರಿಗೆ ಹಗರಣದ ವಾಸನೆ ಬರುತ್ತದೆ. ಕಾನೂನಿನವರಿಗೆ ಮಾತ್ರ ಈ ವ್ಯತ್ಯಾಸ ಜೀವನ್ಮರಣದ್ದು. ಸಾಕ್ಷ್ಯ ಕಲೆಹಾಕಲು ಪೊಲೀಸರು ಮಾಡುವುದು ಇನ್ವೆಸ್ಟಿಗೇಷನ್. ಮ್ಯಾಜಿಸ್ಟ್ರೇಟರೋ ನ್ಯಾಯಾಲಯವೋ ವಿಚಾರಣೆಗೆ ಮುಂಚೆ ನಡೆಸುವುದು ಇನ್‌ಕ್ವೈರಿ. 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಕೆಲವು ಅಪರಾಧಗಳಿಗೆ ಎಫ್‌ಐಆರ್ ಹಾಕುವ ಮುಂಚೆ 14 ದಿನದೊಳಗೆ ಮುಗಿಸಬೇಕಾದ ಪ್ರಿಲಿಮಿನರಿ ಎನ್‌ಕ್ವೈರಿಯೂ ಇದೆ. ನಿಮಗೆ ಅದರ ಗೊಡವೆ ಬೇಡ.

ಕೊನೆಗೆ ನಿಮ್ಮ ಶೀರ್ಷಿಕೆ. ನೀವು ಬರೆದದ್ದನ್ನು ನೋಡಿದರೆ ಹಿಂದೆ ಇನ್ನೂರು ಮನೆಗಳ ಯೋಜನೆ ಇದ್ದಂತೆ ಕಾಣುವುದಿಲ್ಲ. ಹಾಗಿದ್ದರೆ ಪೈಲಟ್ ಬಿಡಿ. ಹತ್ತು ಮನೆಗಳಲ್ಲಿ ನೀವು ಮುಖ್ಯವಾಗಿ ನೀರಿನ ಫ್ಲೋರೈಡ್ ಅಳೆದಿದ್ದರೆ 'ಫೀಲ್ಡ್ ಇವ್ಯಾಲ್ಯುಯೇಷನ್ ಆಫ್ ಎ ಪ್ರೊಟೊಟೈಪ್ ಹೌಸ್‌ಹೋಲ್ಡ್ ಫಿಲ್ಟರ್' ಅಂತ ಇಡಿ. ಜನ ಬಳಸಿದರಾ, ಎಷ್ಟು ದಿನಕ್ಕೆ ಬೇಜಾರಾದರು, ತೊಳೆಯುವುದು ಯಾರು ಅನ್ನುವುದೇ ಮುಖ್ಯವಾಗಿದ್ದರೆ 'ಎ ಫೀಸಿಬಿಲಿಟಿ ಸ್ಟಡಿ ಇನ್ ಟೆನ್ ಹೌಸ್‌ಹೋಲ್ಡ್ಸ್'. ಎರಡನ್ನೂ ಮಾಡಿದ್ದೀರಾ? ಹಾಗಾದರೆ ಮೊದಲನೆಯದನ್ನು ಶೀರ್ಷಿಕೆಗೆ ಹಾಕಿ, ಎರಡನೆಯದಕ್ಕೆ ಒಂದು ಅಧ್ಯಾಯ ಕೊಡಿ. ಗೈಡ್‌ಗೆ ಮತ್ತೆ ಕೊಡುವ ಮೊದಲು ಕೊನೆಯ ಅಧ್ಯಾಯ ತೆರೆದು 'ಪ್ರೂವ್ಸ್' ಪದ ಎಲ್ಲೆಲ್ಲಿ ಇದೆ ಅಂತ ಹುಡುಕಿ. ಸಿಕ್ಕ ಕಡೆಯೆಲ್ಲ ಅದನ್ನು ತೆಗೆದು, ಎಷ್ಟು ಮನೆಯಲ್ಲಿ, ಎಷ್ಟು ದಿನ, ನೀರು 1.5ರ ಕೆಳಗೆ ನಿಂತಿತು ಅನ್ನುವ ಅಂಕಿಯನ್ನೇ ಬರೆಯಿರಿ.